ಕ್ಲೀನಿಂಗ್ ಆದ ಮ್ಯಾಲ ಸಂದಿ ಯಾಕ ಬಿದ್ದಾವ?

ಬಾಗಲಕೋಟ್ಯಾಗ ಒಸಡಿನ ಡೀಪ್ ಕ್ಲೀನಿಂಗ್ ಮಾಡಿಸಿ ಮೂರು ವಾರಕ್ಕ ಹಲ್ಲಿನ ನಡುವ ಸಂದಿ ಬಿದ್ದಾವ, ತಣ್ಣೀರಿಗೆ ಜುಮ್ ಅಂತೈತಿ, ಕೆಡಿಸಿಬಿಟ್ರೇನು ಅಂತ ಕೇಳೀರಿ. ಕೆಡಿಸಿಲ್ರಿ. ಸಂದಿ ಮೊದಲ ಇತ್ತು, ಅದರಾಗ ಗಟ್ಟಿ ಕಿಟ್ಟ ತುಂಬಿತ್ತು, ಬಾತ ಒಸಡು ಮುಚ್ಚಿತ್ತು. ಈಗ ಕಿಟ್ಟ ಹೋತು, ಬಾವು ಇಳೀತು, ಬೇರು ಬಯಲಾತು. ಜುಮ್ ಅನ್ನೂದು ಅದಕ್ಕ.

ಜುಮ್ ಕಡಿಮಿ ಮಾಡೂ ಪೊಟ್ಯಾಶಿಯಂ ನೈಟ್ರೇಟ್ ಇರೂ ಪೇಸ್ಟಿನಿಂದ ದಿನಾ ಎರಡು ಸಲ ತಿಕ್ರಿ. ಉಗುಳ್ರಿ, ಆದ್ರ ನೀರು ಹಾಕಿ ಮುಕ್ಕಳಿಸಬ್ಯಾಡ್ರಿ. ಫರಕ್ ಕಾಣಾಕ 2–4 ವಾರ ಬೇಕು. ಸಂದಿಗೆ ಕಡ್ಡಿ ಬ್ಯಾಡ, ಇಂಟರ್‌ಡೆಂಟಲ್ ಬ್ರಷ್ (ಹಲ್ಲಿನ ಸಂದ್ಯಾಗ ಹಾಕೂ ಸಣ್ಣ ಬ್ರಷ್) ತಗೋರಿ; ಒಳಗ ಸ್ವಲ್ಪ ಬಿಗಿ ಅನಿಸಬೇಕು, ತುರುಕಬಾರದು. ಮೊದಲ ನಾಲ್ಕು ದಿನ ರಕ್ತ ಕಂಡು ಮಂದಿ ಬ್ರಷ್ ಬಿಡ್ತಾರ, ಕೆಲಸ ಕೆಡೂದು ಅಲ್ಲೇ.

ಬ್ಯಾಸರ ಹೆಚ್ಚಾಗೂದೂ ಈ ಹೊತ್ತಿನ್ಯಾಗ. ವಾಸನಿ, ರಕ್ತ ನಿಂತಿದ್ದು ಯಾರೂ ಲೆಕ್ಕಕ್ಕ ಹಿಡಿಯೂದಿಲ್ಲ, ಕನ್ನಡ್ಯಾಗಿನ ಸಂದಿ ಅಷ್ಟ ಕಾಣತೈತಿ.

6–8 ವಾರಕ್ಕ ಮರುತಪಾಸಣಿಗೆ ಹೋದಾಗ ಒಸಡಿನ ಚೀಲದ (ಹಲ್ಲು, ಒಸಡಿನ ನಡುವಿನ ಪಾಕೆಟ್) ಆಳ ಮೊದಲೆಷ್ಟಿತ್ತು, ಈಗೆಷ್ಟು ಅಂತ ಕೇಳ್ರಿ. 3 ಮಿ.ಮೀ. ತನಕ ಚಲೋ. 6 ದಾಟಿ ಉಳಿದ್ರ ಸರ್ಜರಿ ಮಾತು ಬರಬಹುದು. ಗುಟ್ಕಾ, ತಂಬಾಕು, ಸಕ್ಕರಿ ಕಾಯಿಲೆ ಇದ್ರ ಒಸಡು ಕೂಡೂದು ತಡ. ಕೀವು ಬಂದ್ರ, ಹಲ್ಲು ಮೊದಲಿಗಿಂತ ಅಲುಗಾಡಿದ್ರ ಅಷ್ಟು ದಿನ ಕಾಯಬ್ಯಾಡ್ರಿ.