‘ಮುಗಿಯಿತು’ ಎಂದರೆ ಏನು ಎಂಬುದು ಮೊದಲ ವಾರವೇ ಕಾಗದದ ಮೇಲಿರಲಿ

ಪ್ರಶ್ನೆ: ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಏಳು ವರ್ಷಗಳಿಂದ ಪ್ರೋಗ್ರಾಮರ್ ಆಗಿದ್ದೇನೆ. ಈಗ ಮೊದಲ ಬಾರಿಗೆ ಒಂದು ಪ್ರಾಜೆಕ್ಟಿನ ಪೂರ್ಣ ಹೊಣೆ ನನಗೆ ಬಂದಿದೆ. ಮೂರು ಶಾಖೆಗಳಿರುವ ಪತ್ತಿನ ಸಹಕಾರ ಸಂಘವೊಂದಕ್ಕೆ ಠೇವಣಿ, ಸಾಲ ಮತ್ತು ಪಿಗ್ಮಿ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡಬೇಕು. ಐದು ಜನರ ತಂಡ, ಆರು ತಿಂಗಳ ಅವಧಿ. ನಮ್ಮ ಹಿಂದಿನ ಪ್ರಾಜೆಕ್ಟ್ ಬಳಕೆಗೆ ಬಂದು ಒಂದೂವರೆ ವರ್ಷವಾದರೂ ಮುಗಿದಿಲ್ಲ; ಕೊನೆಯ ಕಂತಿನ ಹಣ ಬಂದಿಲ್ಲ, ಹೊಸ ಬೇಡಿಕೆಗಳು ನಿಂತಿಲ್ಲ. ಆರಂಭದಿಂದ ಮುಕ್ತಾಯದವರೆಗೆ ನಾನು ಏನೇನನ್ನು ನೋಡಿಕೊಳ್ಳಬೇಕು? ಅಜೈಲ್ ಪದ್ಧತಿ ಅನುಸರಿಸಿದರೆ ಈ ತೊಂದರೆ ತಪ್ಪುತ್ತದೆಯೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಮ್ಮ ಹಿಂದಿನ ಪ್ರಾಜೆಕ್ಟ್ ಏಕೆ ಮುಗಿಯುತ್ತಿಲ್ಲ ಎಂಬುದಕ್ಕೆ ಕಾರಣ ಬಹುಶಃ ಅದರ ಮೊದಲ ವಾರದಲ್ಲೇ ಇದೆ. ನಾನು ಹೊಣೆ ಹೊತ್ತ ಮೊದಲ ಪ್ರಾಜೆಕ್ಟ್ ಒಂದು ವ್ಯಾಪಾರಿ ಸಂಸ್ಥೆಯ ಗೋದಾಮಿನ ದಾಸ್ತಾನು ಲೆಕ್ಕದ್ದಾಗಿತ್ತು. ಒಪ್ಪಂದದಲ್ಲಿ ‘ದಾಸ್ತಾನು ನಿರ್ವಹಣೆಗೆ ಸಂಪೂರ್ಣ ಸಾಫ್ಟ್‌ವೇರ್’ ಎಂದು ಬರೆದುಕೊಟ್ಟಿದ್ದೆವು. ಆ ‘ಸಂಪೂರ್ಣ’ ಎಂಬ ಒಂದು ಪದಕ್ಕಾಗಿ ನಾವು ಹೆಚ್ಚುವರಿಯಾಗಿ ಹದಿನಾಲ್ಕು ತಿಂಗಳು ದುಡಿದೆವು. ಅವರು ಕೇಳಿದ್ದರಲ್ಲಿ ಅನ್ಯಾಯವಿರಲಿಲ್ಲ. ಯಾವುದು ಸೇರಿದೆ, ಯಾವುದು ಸೇರಿಲ್ಲ ಎಂದು ನಾವು ಎಲ್ಲಿಯೂ ಹೇಳಿರಲಿಲ್ಲ.

ಆದ್ದರಿಂದ ಕೋಡ್‌ನ ಒಂದು ಸಾಲು ಬರೆಯುವುದಕ್ಕೂ ಮೊದಲು, ಎರಡು ಪುಟಕ್ಕೆ ಮೀರದ ಒಂದು ಕಾಗದವನ್ನು ಸರಳ ಕನ್ನಡದಲ್ಲಿ ಸಿದ್ಧಪಡಿಸಿ. ಸಂಘಕ್ಕೆ ಈ ಸಾಫ್ಟ್‌ವೇರ್ ಏಕೆ ಬೇಕು, ಸಂಘದ ಪರವಾಗಿ ಅಂತಿಮ ಮಾತು ಹೇಳುವವರು ಯಾರು, ಈ ಮೊತ್ತದಲ್ಲಿ ಯಾವ ಕೆಲಸ ಸೇರಿಲ್ಲ, ಯಾವ ಪರೀಕ್ಷೆಗಳಲ್ಲಿ ಉತ್ತೀರ್ಣವಾದರೆ ಕೆಲಸ ಮುಗಿದಂತೆ ಎಂಬಿಷ್ಟು ಅದರಲ್ಲಿರಲಿ. ಕೊನೆಯ ಅಂಶ ಅಳೆಯಲು ಬರುವಂತಿರಬೇಕು. ‘ಬಳಸಲು ಸುಲಭವಾಗಿರಬೇಕು’ ಎಂದರೆ ಜಗಳಕ್ಕೆ ಆಹ್ವಾನ ಕೊಟ್ಟಂತೆ. ‘ಮೂರೂ ಶಾಖೆಗಳ ಪ್ರತಿ ಸಾಲದ ಖಾತೆಯ ಬಾಕಿ ಹಳೆಯ ಲೆಡ್ಜರ್‌ನೊಂದಿಗೆ ಪೈಸೆ ಸಹಿತ ತಾಳೆಯಾಗಬೇಕು’ ಎಂದರೆ ಅದನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಈ ಕಾಗದಕ್ಕೆ ಕಾರ್ಯದರ್ಶಿಯವರ ಸಹಿ ಮಾತ್ರ ಸಾಲದು. ಕಾರ್ಯದರ್ಶಿ ಬದಲಾಗಬಹುದು, ಚುನಾವಣೆ ನಡೆದು ಆಡಳಿತ ಮಂಡಳಿಯೇ ಬದಲಾಗಬಹುದು. ಮಂಡಳಿಯ ಸಭೆಯಲ್ಲಿ ಠರಾವು ಮಾಡಿಸಿ, ಅದರ ಪ್ರತಿಯನ್ನು ನಿಮ್ಮ ಕಡತದಲ್ಲಿಟ್ಟುಕೊಳ್ಳಿ.

ಅವಶ್ಯಕತೆಗಳನ್ನು ಸಭೆಯಲ್ಲಿ ಕೇಳಿ ಬರೆದುಕೊಂಡರೆ ಅರ್ಧ ಮಾತ್ರ ಸಿಗುತ್ತದೆ. ಉಳಿದರ್ಧ ಕೌಂಟರಿನ ಹಿಂದೆ ಇರುತ್ತದೆ. ಒಂದು ಸಂಘದಲ್ಲಿ ಗುಮಾಸ್ತೆಯೊಬ್ಬರ ಪಕ್ಕ ಮೂರು ದಿನ ಕುಳಿತಿದ್ದಾಗ, ಅವರು ಲೆಡ್ಜರಿನ ಜೊತೆಗೆ ನೂರು ಪುಟದ ಒಂದು ನೋಟ್‌ಬುಕ್ಕನ್ನೂ ಡ್ರಾಯರಿನಿಂದ ತೆಗೆಯುತ್ತಿದ್ದುದನ್ನು ಕಂಡೆ. ಕಂತಿನ ದಿನ ಭಾನುವಾರ ಬಂದರೆ ಸೋಮವಾರ ಕಟ್ಟಿದವರಿಗೆ ದಂಡಬಡ್ಡಿ ಹಾಕಬಾರದು, ಅವಧಿಗೆ ಮೊದಲೇ ಪಿಗ್ಮಿ ಖಾತೆ ಮುಚ್ಚಿದರೆ ಏನನ್ನು ಕಡಿತ ಮಾಡಬೇಕು, ಐವತ್ತು ಪೈಸೆಯನ್ನು ಯಾವ ಕಡೆಗೆ ಸೇರಿಸಬೇಕು, ಎಲ್ಲವೂ ಅದರಲ್ಲಿ ನೀಲಿ ಶಾಯಿಯಲ್ಲಿತ್ತು. ಅಧ್ಯಕ್ಷರಿಗೆ ಆ ನೋಟ್‌ಬುಕ್ ಇರುವುದೇ ತಿಳಿದಿರಲಿಲ್ಲ. ನಿಮ್ಮ ಸಂಘದಲ್ಲಿಯೂ ಅಂಥದ್ದೊಂದು ಇದ್ದೇ ಇರುತ್ತದೆ. ಅದನ್ನು ಗೌರವದಿಂದ ಕೇಳಿ ಓದಿಕೊಳ್ಳಿ.

ಇನ್ನು ಅಂದಾಜಿನ ವಿಷಯ. ಐದು ಜನ, ಆರು ತಿಂಗಳು ಎಂದರೆ ಲೆಕ್ಕದಲ್ಲಿ ಮೂವತ್ತು ತಿಂಗಳ ದುಡಿಮೆ. ರಜೆ, ಹಬ್ಬ, ಕಾಯಿಲೆ, ಹಿಂದಿನ ಪ್ರಾಜೆಕ್ಟಿನ ಕರೆಗಳು ಇವೆಲ್ಲ ಕಳೆದರೆ ಅಷ್ಟು ಉಳಿಯುವುದಿಲ್ಲ. ಹೊಸಬರು ಅಂದಾಜಿನಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುವುದು ಹಳೆಯ ದಾಖಲೆಗಳನ್ನು ಹೊಸ ವ್ಯವಸ್ಥೆಗೆ ತರುವ ಕೆಲಸವನ್ನು. ನಮ್ಮ ರಾಜ್ಯದ ‘ಭೂಮಿ’ ಯೋಜನೆಯನ್ನು ನೆನಪಿಸಿಕೊಳ್ಳಿ. ಸುಮಾರು 67 ಲಕ್ಷ ಭೂಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತರಬೇಕಾಗಿದ್ದ ಆ ಯೋಜನೆಯಲ್ಲಿ, ಪ್ರೋಗ್ರಾಂ ಬರೆಯುವುದಕ್ಕಿಂತ ದೊಡ್ಡ ಹೊರೆಯಾಗಿದ್ದುದು ಕೈಬರಹದ ದಾಖಲೆಗಳನ್ನು ನಮೂದಿಸಿ, ಗ್ರಾಮಲೆಕ್ಕಿಗರಿಂದ ಮೂಲದೊಂದಿಗೆ ಹೋಲಿಸಿ ತಿದ್ದಿಸುವ ಕೆಲಸ. ನಿಮ್ಮ ಸಂಘದ ಖಾತೆಗಳು ಕೆಲವೇ ಸಾವಿರವಿರಬಹುದು, ಆದರೆ ಒಂದೇ ಸದಸ್ಯರ ಹೆಸರು ಮೂರು ಪುಸ್ತಕಗಳಲ್ಲಿ ಮೂರು ರೀತಿ ಇರುವ ತೊಡಕು ಅಲ್ಲಿಯೂ ಇರುತ್ತದೆ. ಇದಕ್ಕೆ ಒಬ್ಬರನ್ನು ಮೊದಲ ತಿಂಗಳಿನಿಂದಲೇ ನಿಯೋಜಿಸಿ. ತಿದ್ದುಪಡಿಗೆ ಸಹಿ ಹಾಕುವವರು ಮಾತ್ರ ಸಂಘದವರೇ ಆಗಿರಬೇಕು.

ಕೆಲಸ ಹಿಂದೆ ಬಿದ್ದಾಗ ನಿಮ್ಮ ಮೇಲಧಿಕಾರಿಗಳು ‘ಇನ್ನೂ ಐದು ಜನರನ್ನು ಕೊಡುತ್ತೇವೆ’ ಎನ್ನಬಹುದು. ಐಬಿಎಂನಲ್ಲಿ 1960ರ ದಶಕದಲ್ಲಿ ಓಎಸ್/360 ಎಂಬ ಬೃಹತ್ ಸಾಫ್ಟ್‌ವೇರ್ ನಿರ್ಮಾಣದ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್, ತಡವಾಗಿರುವ ಪ್ರಾಜೆಕ್ಟಿಗೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು 1975ರಲ್ಲೇ ಬರೆದರು. ಐದು ಜನರ ನಡುವೆ ಮಾತುಕತೆಯ ಜೋಡಿಗಳು 10. ಹತ್ತು ಜನರಾದರೆ ಅವು 45. ಹೊಸಬರಿಗೆ ಕಲಿಸಬೇಕಾದವರು ಈಗಾಗಲೇ ಬಿಡುವಿಲ್ಲದೆ ದುಡಿಯುತ್ತಿರುವ ಆ ಐದು ಜನರೇ. ಅಂಥ ಸಂದರ್ಭದಲ್ಲಿ ಕೆಲಸದ ವ್ಯಾಪ್ತಿಯನ್ನು ತಗ್ಗಿಸುವ ಮಾತನ್ನು ಸಂಘದೊಂದಿಗೆ ಆಡುವುದೇ ಮೇಲು. ಪಿಗ್ಮಿ ಏಜೆಂಟರ ಕಮಿಷನ್ ವರದಿಯಂಥದ್ದು ಎರಡನೆಯ ಕಂತಿನಲ್ಲಿ ಬಂದರೆ ಯಾರಿಗೂ ನಷ್ಟವಿಲ್ಲ.

ಅಜೈಲ್ ಕುರಿತು ಕೇಳಿದ್ದೀರಿ. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಸೇರಿದ್ದ ಹದಿನೇಳು ಜನ ಅಜೈಲ್ ಪ್ರಣಾಳಿಕೆಯನ್ನು ಹೊರತಂದಾಗ, ಅದರ ತಿರುಳು ಬಳಸುವವರಿಗೆ ಕೆಲಸ ಮಾಡುವ ಸಾಫ್ಟ್‌ವೇರನ್ನು ಬೇಗ ಬೇಗ ತೋರಿಸಿ ಅವರ ಮಾತಿನಂತೆ ತಿದ್ದಿಕೊಳ್ಳುವುದಾಗಿತ್ತು. ಅದನ್ನು ಖಂಡಿತ ಅನುಸರಿಸಿ. ಎರಡು ವಾರಕ್ಕೊಮ್ಮೆ ನಿಮ್ಮ ಸಂಘದ ಗುಮಾಸ್ತೆಯರ ಕೈಗೆ ಮೌಸ್ ಕೊಟ್ಟು, ನೀವು ಬಾಯಿ ಮುಚ್ಚಿಕೊಂಡು ನೋಡಿ. ಅವರ ಕೈ ಎಲ್ಲಿ ತಡೆಯುತ್ತದೋ ಅಲ್ಲಿ ನಿಮ್ಮ ವಿನ್ಯಾಸದ ದೋಷವಿದೆ. ಆದರೆ ಮೊತ್ತವೂ ದಿನಾಂಕವೂ ನಿಗದಿಯಾಗಿರುವ ಒಪ್ಪಂದದಲ್ಲಿ, ಕೊನೆ ಎಲ್ಲಿ ಎಂಬುದನ್ನು ಯಾವ ಪದ್ಧತಿಯೂ ತಾನಾಗಿ ತಿಳಿಸಿಕೊಡುವುದಿಲ್ಲ.

ಬದಲಾವಣೆಗಳಂತೂ ಬಂದೇ ಬರುತ್ತವೆ, ಬರಲಿ. ‘ಇದೊಂದು ಚಿಕ್ಕ ಬದಲಾವಣೆ ಸಾರ್’ ಎಂದು ಫೋನಿನಲ್ಲಿ ಬಂದದ್ದನ್ನು ಫೋನಿನಲ್ಲೇ ಒಪ್ಪಿಕೊಳ್ಳಬೇಡಿ, ನಿರಾಕರಿಸಲೂ ಬೇಡಿ. ಒಂದು ವಹಿಯಲ್ಲಿ ದಿನಾಂಕ, ಕೇಳಿದವರ ಹೆಸರು, ತಗಲುವ ದಿನಗಳು, ಹಣ ಇಷ್ಟನ್ನು ಬರೆದು, ತಿಂಗಳಿಗೊಮ್ಮೆ ಕಾರ್ಯದರ್ಶಿಯವರ ಮುಂದಿಡಿ. ತನ್ನ ಕೋರಿಕೆಯ ಎದುರಿಗೆ ‘ಒಂಬತ್ತು ದಿನ’ ಎಂದು ಬರೆದಿರುವುದನ್ನು ಕಂಡಾಗ, ಅದು ನಿಜವಾಗಿ ಬೇಕೇ ಎಂದು ಕೇಳಿದವರೇ ಯೋಚಿಸುತ್ತಾರೆ.

ಬಳಕೆಗೆ ತರುವ ದಿನವನ್ನು ಮಾರ್ಚ್ ತಿಂಗಳಲ್ಲಿ ಖಂಡಿತ ಇಟ್ಟುಕೊಳ್ಳಬೇಡಿ. 31 ಮಾರ್ಚ್‌ಗೆ ವರ್ಷದ ಲೆಕ್ಕ ಮುಗಿಸುವ ಧಾವಂತದಲ್ಲಿರುವ ಸಿಬ್ಬಂದಿಗೆ ಹೊಸದನ್ನು ಕಲಿಯುವ ವ್ಯವಧಾನವಿರುವುದಿಲ್ಲ. ಕನಿಷ್ಠ ಒಂದು ತಿಂಗಳು ಲೆಡ್ಜರ್ ಮತ್ತು ಕಂಪ್ಯೂಟರ್ ಎರಡರಲ್ಲೂ ಬರೆಸಿ, ಪ್ರತಿ ಸಂಜೆ ಎರಡನ್ನೂ ತಾಳೆ ನೋಡಿಸಿ, ವ್ಯತ್ಯಾಸ ಬಂದ ದಿನ ಕಾರಣ ತಿಳಿಯುವವರೆಗೆ ಮನೆಗೆ ಹೋಗದೆ ಕುಳಿತುಕೊಳ್ಳಿ. ಆದರೆ ಈ ಜೋಡಿ ಬರವಣಿಗೆಗೂ ಒಂದು ಕೊನೆಯ ದಿನ ಇರಬೇಕು. ‘ಭೂಮಿ’ಯಲ್ಲಿ ತಾಲ್ಲೂಕಿನಿಂದ ತಾಲ್ಲೂಕಿಗೆ ಅಧಿಸೂಚನೆ ಹೊರಡಿಸಿ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸಾರಿದರು, ಹಳೆಯ ದಾರಿ ತೆರೆದೇ ಇದ್ದಿದ್ದರೆ ಜನ ಅದರಲ್ಲೇ ನಡೆಯುತ್ತಿದ್ದರು.

ಮುಕ್ತಾಯಕ್ಕೆ ಎರಡು ವಾರಗಳನ್ನು ಯೋಜನೆಯಲ್ಲೇ ಮೀಸಲಿಡಿ. ಸೋರ್ಸ್ ಕೋಡ್, ಸರ್ವರ್ ಪಾಸ್‌ವರ್ಡ್‌ಗಳು, ಬ್ಯಾಕಪ್ ತೆಗೆಯುವ ಮತ್ತು ಮರಳಿ ತರುವ ವಿಧಾನ, ಕನ್ನಡದ ಬಳಕೆ ಕೈಪಿಡಿ ಇವುಗಳಲ್ಲಿ ಒಪ್ಪಂದದಂತೆ ಕೊಡಬೇಕಾದುದನ್ನೆಲ್ಲ ಪಟ್ಟಿ ಮಾಡಿ ಸ್ವೀಕೃತಿ ಪಡೆಯಿರಿ. ಬ್ಯಾಕಪ್ಪನ್ನು ಸಂಘದ ಸಿಬ್ಬಂದಿಯೇ ನಿಮ್ಮೆದುರು ಒಮ್ಮೆ ಮರಳಿ ತಂದು ತೋರಿಸಲಿ. ಪರೀಕ್ಷೆಗೆಂದು ತಂಡದವರ ಲ್ಯಾಪ್‌ಟಾಪುಗಳಿಗೆ ಇಳಿಸಿಕೊಂಡ ಸದಸ್ಯರ ವಿವರಗಳನ್ನು ಅಳಿಸಿ, ಅಳಿಸಿರುವುದಾಗಿ ಬರೆದುಕೊಡಿ. ಅದು ಜನರ ಉಳಿತಾಯದ ಗುಟ್ಟು. ಉಚಿತ ದುರಸ್ತಿಯ ಅವಧಿ ಎಂದು ಆರಂಭವಾಗಿ ಎಂದು ಮುಗಿಯುತ್ತದೆ, ಆನಂತರದ ನಿರ್ವಹಣೆಗೆ ವರ್ಷಕ್ಕೆ ಎಷ್ಟು ಎಂಬುದು ಪ್ರತ್ಯೇಕ ಕರಾರಿನಲ್ಲಿರಲಿ. ಕೊನೆಗೆ ಮೊದಲ ವಾರದ ಆ ಎರಡು ಪುಟಗಳನ್ನು ಆಡಳಿತ ಮಂಡಳಿಯ ಮುಂದಿಟ್ಟು, ಒಂದೊಂದೇ ಪರೀಕ್ಷೆಗೆ ಗುರುತು ಹಾಕಿಸಿ, ಕೆಲಸವನ್ನು ಸ್ವೀಕರಿಸಿದ್ದೇವೆ ಎಂಬ ಎರಡನೆಯ ಠರಾವನ್ನು ಬರೆಸಿಕೊಂಡು ಬನ್ನಿ.

ನಿಮ್ಮ ಹಿಂದಿನ ಪ್ರಾಜೆಕ್ಟಿಗೂ ಇದೇ ದಾರಿಯಿದೆ. ಬಾಕಿಯಿರುವ ಬೇಡಿಕೆಗಳನ್ನೆಲ್ಲ ಒಂದೇ ಪಟ್ಟಿಗೆ ತಂದು, ಗ್ರಾಹಕರೊಂದಿಗೆ ಕುಳಿತು, ಇವಿಷ್ಟು ಮಾಡಿದರೆ ಕೊನೆಯ ಕಂತು ಎಂದು ಈಗಲಾದರೂ ಬರೆದುಕೊಳ್ಳಿ. ಪಟ್ಟಿಯ ಕೆಲಸದಲ್ಲಿ ಒಂದಿಷ್ಟು ನಷ್ಟವಾದರೂ ಒಪ್ಪಿಕೊಳ್ಳಿ. ಹೊಸ ಕೆಲಸ ಶುರುವಾಗುವ ಮೊದಲೇ ಅದು ಮುಗಿದರೆ, ನಿಮ್ಮ ಐದು ಜನ ನಿಜವಾಗಿಯೂ ಐದು ಜನರಾಗಿ ನಿಮಗೆ ಸಿಗುತ್ತಾರೆ.