ಡ್ರೈ ವರ್ಮೂತ್ ಕೆಟ್ಟಿದ್ದು ಯಾಕೆ, ಸಾಸು ಒಡೆದಿದ್ದು ಯಾಕೆ

ಮೇಡಂ, ಮಾರ್ಚಿನಲ್ಲಿ ತೆರೆದ ಡ್ರೈ ವರ್ಮೂತ್ ನಾಲ್ಕು ತಿಂಗಳು ಒಲೆ ಪಕ್ಕದ ಕಪಾಟಿನಲ್ಲೇ ಇತ್ತು, ಈಗ ಅದನ್ನು ಜಿನ್‌ಗೆ ಬೆರೆಸಿ ಮಾಡೋ ಮಾರ್ಟಿನಿ ಕಾಕ್‌ಟೈಲ್ ಸಪ್ಪೆ, ಅದನ್ನೇ ಕುದಿಯೋ ಕ್ರೀಮಿಗೆ ಸುರಿದರೆ ಅಣಬೆ ಸಾಸೂ ಒಡೆಯಿತು ಅಂದಿದ್ದೀರಿ. ಬಾಟಲಿ ಕೆಟ್ಟಿದೆ, ನಿಜ. ಆದರೆ ಸಾಸು ಒಡೆದದ್ದು ಅದರಿಂದಲ್ಲ.

ವರ್ಮೂತನ್ನು ವಿಸ್ಕಿ ಥರ ಇಡೋಕಾಗಲ್ಲ. ಅದು ಬಿಳಿ ವೈನ್. ಸ್ವಲ್ಪ ಸ್ಪಿರಿಟ್ ಬೆರೆಸಿ, ವರ್ಮ್‌ವುಡ್ ಮತ್ತಿತರ ಸೊಪ್ಪು, ಬೇರುಗಳ ಸಾರ ಇಳಿಸಿರುತ್ತಾರೆ. (ವರ್ಮ್‌ವುಡ್ ನಮ್ಮ ದೇವರಾಜ ಮಾರ್ಕೆಟ್ಟಿನ ದವನದ ಕುಲದ್ದೇ, ಕಹಿ ಮಾತ್ರ ವಿಪರೀತ.) ಆಲ್ಕೋಹಾಲ್ ಸುಮಾರು ಶೇ 18. ಹಾಗಾಗಿ ಬೂಸ್ಟು ಹಿಡಿಯಲ್ಲ, ಆದರೆ ಗಾಳಿ ತಾಗಿ ಘಮ ಹೋಗುತ್ತೆ. ಮೈಸೂರಿನ ಏಪ್ರಿಲ್ ಸೆಕೆಗೆ ಇನ್ನೂ ಬೇಗ. ತೆರೆದ ದಿನಾಂಕ ಮೇಲೆ ಬರೆದು ಫ್ರಿಜ್ಜಿನಲ್ಲಿಡಿ. ಕುಡಿಯೋಕೆ ಒಂದೂವರೆ ತಿಂಗಳು, ಅಡುಗೆಗೆ ಮೂರು ತಿಂಗಳು. ಅರ್ಧ ಖಾಲಿಯಾದ ಮೇಲೆ ಸಣ್ಣ ಗಾಜಿನ ಬಾಟಲಿಗೆ ಕತ್ತಿನವರೆಗೆ ತುಂಬಿಸಿ.

ಬರೀ ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ವರ್ಮೂತ್ ಮಾಡೋ ನೊಯ್ಲಿ ಪ್ರಾ ಕಂಪನಿಯವರು ದಕ್ಷಿಣ ಫ್ರಾನ್ಸಿನಲ್ಲಿ ವೈನ್ ಪೀಪಾಯಿಗಳನ್ನು ಬೇಕಂತಲೇ ಬಿಸಿಲಿಗೆ ಇಡುತ್ತಾರೆ, ಹಾಗಾಗಿ ಅದು ಹೊಸದರಲ್ಲೇ ತುಸು ಹೊಂಬಣ್ಣ. ಒಂದು ಚಮಚ ಸುರಿದು ಮೂಸಿ. ಸೊಪ್ಪಿನ ಘಮ ಹೋಗಿ, ಹೆಚ್ಚಿಟ್ಟು ಕಂದಾದ ಸೇಬಿನ ವಾಸನೆ ಬಂದರೆ ಮಾರ್ಟಿನಿಗೆ ಬೇಡ. ವಿನೆಗರ್ ಥರ ಮೂಗಿಗೆ ಹೊಡೆದರೆ ಸಿಂಕಿಗೇ ಸುರಿಯಿರಿ.

ಇನ್ನು ಸಾಸು. ಕುದಿಯುವ ಕ್ರೀಮಿಗೆ ವರ್ಮೂತ್ ಸುರಿಯೋದೂ ಒಂದೇ, ಕಾದ ಹಾಲಿಗೆ ನಿಂಬೆ ಹಿಂಡೋದೂ ಒಂದೇ. ಅಂಗಡಿಯ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು ಸಾಮಾನ್ಯವಾಗಿ ಶೇ 25ರಷ್ಟೇ, ಹುಳಿಗೆ ಬೇಗ ಒಡೆಯುತ್ತೆ. 200 ಗ್ರಾಂ ಅಣಬೆಯನ್ನು ಸ್ಟೀಲ್ ಬಾಣಲೆಯಲ್ಲಿ ಬೆಣ್ಣೆ ಹಾಕಿ ಜೋರು ಉರಿಯಲ್ಲಿ ಹುರಿಯಿರಿ. ನೀರೆಲ್ಲ ಆರಿ ಕೆಂಪಾಗಲಿ. ಬಾಣಲೆ ಒಲೆಯಿಂದ ಕೆಳಗಿಳಿಸಿ 60 ಮಿ.ಲೀ. ವರ್ಮೂತ್ ಹಾಕಿ; ಉರಿಯ ಮೇಲೇ ಸುರಿದರೆ ಭಗ್ಗನೆ ಹೊತ್ತಿಕೊಳ್ಳಬಹುದು. ಮತ್ತೆ ಒಲೆಗಿಟ್ಟು, ತಳ ಕೆರೆಯುತ್ತಾ, ಎರಡು ಚಮಚ ಉಳಿಯೋವರೆಗೆ ಬತ್ತಿಸಿ. ಆಮೇಲೆ ಸಣ್ಣ ಉರಿ, 100 ಮಿ.ಲೀ. ಕ್ರೀಮ್. ಕುದಿ ಬರಬಾರದು. ಉಪ್ಪು ಕೊನೆಗೆ. ಬತ್ತಿಸಿದರೂ ಆಲ್ಕೋಹಾಲ್ ಪೂರ್ತಿ ಹೋಗಲ್ಲ, ಮಕ್ಕಳಿಗೆ ಬೇರೆ ಮಾಡಿ.

ರೆಸಿಪಿಯಲ್ಲಿ 100 ಮಿ.ಲೀ. ಬಿಳಿ ವೈನ್ ಅಂತಿದ್ದರೆ 70 ವರ್ಮೂತ್, 30 ನೀರು ಸಾಕು. ಕೆಂಪು ವರ್ಮೂತ್ ಹಾಕಿಬಿಡಬೇಡಿ, ಅದು ಸಿಹಿ.

ಮಾರ್ಟಿನಿಗೆ ಜಿನ್ 60, ವರ್ಮೂತ್ 15 ಮಿ.ಲೀ., ದೊಡ್ಡ ಐಸ್ ತುಂಡುಗಳ ಜೊತೆ ಅರ್ಧ ನಿಮಿಷ ತಿರುಗಿಸಿ ಸೋಸಿ. ಪುಡಿ ಐಸ್ ಹಾಕಿದರೆ ನೀರು ನೀರು. ಘಮಕ್ಕೆ ಮೇಲೆ ನಿಂಬೆ ಸಿಪ್ಪೆ ಹಿಚುಕೋದು ರೂಢಿ, ಆದರೆ ನಮ್ಮ ನಿಂಬೆ ಸಿಪ್ಪೆ ತೀರಾ ತೆಳು. ಹೇರಳೆಕಾಯಿ ಸಿಪ್ಪೆಯನ್ನು ಬಿಳಿ ಬಾರದ ಹಾಗೆ ಹೆರೆದು, ಲೋಟದ ಮೇಲೆ ಹಿಚುಕಿ ನೋಡಿ.