ಕಾವಲಿ ಒಂದೇ, ಸರದಿ ಎರಡು

ಪ್ರಶ್ನೆ: ಬಸವನಗುಡಿಯಲ್ಲಿ ನಮ್ಮದೊಂದು ದರ್ಶಿನಿ ಇದೆ. ಬೆಳಿಗ್ಗೆ ಎಂಟೂವರೆಯಿಂದ ಹತ್ತರವರೆಗೆ ಆ್ಯಪ್ ಆರ್ಡರ್‌ಗಳ ನೂಕುನುಗ್ಗಲು. ಟೋಕನ್ ಹಿಡಿದು ನಿಂತವರು 'ಪಾರ್ಸೆಲ್‌ನವರಿಗೇ ಮೊದಲಾ?' ಅಂತ ಜಗಳಕ್ಕೆ ಬರುತ್ತಾರೆ. ಆ್ಯಪ್ ನಿಲ್ಲಿಸಿಬಿಡಲೇ?

ಉತ್ತರ: ನಿಲ್ಲಿಸಬೇಡಿ, ಅಳತೆಯಲ್ಲಿಡಿ. ಮೊದಲು ಕಾವಲಿಯ ಲೆಕ್ಕ ಹಾಕಿ. ಒಂದು ಸುತ್ತಿಗೆ 12 ದೋಸೆ, ಸುತ್ತಿಗೆ ಐದು ನಿಮಿಷ ಅಂದರೆ ಗಂಟೆಗೆ 144. ಟೋಕನ್‌ಗೇ 120 ಹೋದರೆ ಆ್ಯಪ್‌ಗೆ ಉಳಿಯೋದು 24. ಅಷ್ಟು ಮುಗಿದ ಕೂಡಲೇ ಆ್ಯಪ್‌ನಲ್ಲಿ ದೋಸೆ ಆಫ್ ಮಾಡಿ. ಇಡ್ಲಿ, ವಡೆ, ಖಾರಾಬಾತ್ ಇರಲಿ. ಒಪ್ಪಿಕೊಂಡ ಆರ್ಡರನ್ನು ಆಮೇಲೆ ರದ್ದು ಮಾಡೋದಕ್ಕಿಂತ ಇದು ಎಷ್ಟೋ ವಾಸಿ.

ಸರದಿ ತಪ್ಪೋದು ಯಾಕೆಂದರೆ, ಆ್ಯಪ್ ಆರ್ಡರ್ ಬರುವ ಟ್ಯಾಬ್ಲೆಟ್ ಬಡಿದುಕೊಳ್ಳುತ್ತಲೇ ಇರುತ್ತದೆ, ಡೆಲಿವರಿ ಹುಡುಗ ಕೌಂಟರ್‌ಗೆ ಒರಗಿ ನಿಂತು ಅವಸರಿಸುತ್ತಾನೆ. ಟೋಕನ್ ಹಿಡಿದವರು ಪಾಪ, ಸುಮ್ಮನೆ ಕಾಯುತ್ತಾರೆ. ಆ್ಯಪ್ ಚೀಟಿಗೂ ಟೋಕನ್‌ಗೂ ಒಂದೇ ಸಾಲಿನ ನಂಬರ್ ಕೊಡಿ, ಭಟ್ಟರು ನಂಬರ್ ನೋಡಿಯೇ ಹುಯ್ಯಲಿ. ಹುಡುಗರಿಗೆ ಪಕ್ಕದಲ್ಲೊಂದು ಬೆಂಚು, ಕುಡಿಯೋಕೆ ನೀರು ಇಡಿ, ಅವರದೂ ಹೊಟ್ಟೆಪಾಡು.

ಮಸಾಲೆ ದೋಸೆಯನ್ನು ಬಿಸಿಬಿಸಿಯಾಗೇ ಡಬ್ಬಿಗೆ ಹಾಕಿ ಮುಚ್ಚಬೇಡಿ. ಹಬೆ ಮುಚ್ಚಳಕ್ಕೆ ತಾಗಿ ಹನಿಯಾಗಿ ದೋಸೆ ಮೇಲೇ ಬೀಳುತ್ತದೆ, ಗರಿ ಹೋಗಿ ಚರ್ಮದ ಹಾಗೆ ಎಳೆದುಕೊಳ್ಳುತ್ತದೆ. ಅರ್ಧ ನಿಮಿಷ ಆರಲು ಬಿಡಿ, ಬಾಳೆಎಲೆಯಲ್ಲಿ ಸುತ್ತಿ ತೂತಿರುವ ಡಬ್ಬಿಯಲ್ಲಿಡಿ. ಪಲ್ಯ, ಚಟ್ನಿ ಬೇರೆ ಬೇರೆ.

ಬೆಲೆಯನ್ನೂ ನೋಡಿಕೊಳ್ಳಿ. ಆ್ಯಪ್‌ನವರ ಕಮಿಷನ್ ಶೇ 25 ಅಂತಿಟ್ಟುಕೊಂಡರೆ, 80 ರೂಪಾಯಿ ದೋಸೆಯಲ್ಲಿ 20 ಅದಕ್ಕೇ ಹೋಯಿತು. ಕಮಿಷನ್ ಮೇಲೆ ಶೇ 18 ಜಿಎಸ್‌ಟಿ 3.60, ಡಬ್ಬಿಗೆ 6. ಕೈಗೆ ಬರೋದು 50.40. ನೀವು ಶೇ 5ರ ಜಿಎಸ್‌ಟಿಯಲ್ಲಿದ್ದರೆ ಆ 3.60 ಇನ್‌ಪುಟ್ ಕ್ರೆಡಿಟ್ ಆಗಿಯೂ (ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಂಡು) ವಾಪಸ್ಸಾಗದು. ಅದೇ 80 ಉಳಿಯಬೇಕಾದರೆ ಆ್ಯಪ್‌ನಲ್ಲಿ 122 ಇಡಬೇಕು. ಇಡದೆ ಹೋದರೆ ಆ ನಷ್ಟ ಕಡೆಗೆ ಕೌಂಟರ್‌ನ ಬೆಲೆಗೆ ಸೇರುತ್ತದೆ. ನಿಂತು ತಿನ್ನುವ ಗಿರಾಕಿ ಅದನ್ನು ಯಾಕೆ ಕೊಡಬೇಕು?

ಪ್ರಶ್ನೆ: ಇಂದಿರಾನಗರದ ಹೋಟೆಲೊಂದರಲ್ಲಿ ಮೆನು ಕಾರ್ಡೇ ಇಲ್ಲ. ಟೇಬಲ್ ಮೇಲಿನ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ ಫೋನ್‌ನಲ್ಲೇ ಆರ್ಡರ್ ಮಾಡಬೇಕು. ಬಿಲ್‌ನಲ್ಲಿ ಶೇ 10 ಸರ್ವಿಸ್ ಚಾರ್ಜ್ ತಾನಾಗೇ ಸೇರಿತ್ತು. ಕೊಡಲೇಬೇಕಾ?

ಉತ್ತರ: ಬೇಕಿಲ್ಲ. ಸರ್ವಿಸ್ ಚಾರ್ಜನ್ನು ಬಿಲ್‌ಗೆ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 'ಪೇ' ಒತ್ತುವ ಮೊದಲು ಬಿಲ್ ಪೂರ್ತಿ ಕೆಳಗಿನವರೆಗೆ ನೋಡಿ, ತೆಗೆಸಿ. ಒಪ್ಪದಿದ್ದರೆ ಬಿಲ್‌ನ ಫೋಟೊ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಮನೆಯ ಹಿರಿಯರ ಜೊತೆ ಹೋದಾಗ ಮೆನು ಕಾರ್ಡನ್ನೂ ಕೇಳಿ ತರಿಸಿಕೊಳ್ಳಿ.